ಬೀಜದಿಂದ ಸೀಬೆ ಗಿಡ: ಮೊಳಕೆ ಬಂತೆಂದು ನಿರಾಳವಾಗುವ ಮೊದಲು ಇದನ್ನು ಓದಿ

ಸೀಬೆ ಹಣ್ಣನ್ನು ಬಿಲ್ಲೆಯಾಗಿ ಕತ್ತರಿಸಿ ಕುಂಡದಲ್ಲಿಟ್ಟು, ಮೇಲೊಂದು ಹಿಡಿ ಮಣ್ಣು ಹಾಕಿ ನೀರು ಕೊಟ್ಟರೆ ಸಸಿಗಳ ಗೊಂಚಲೇ ಬರುತ್ತದೆ ಎಂಬ ವಿಡಿಯೊ ನೋಡಿ ಶುರು ಮಾಡುವವರಿಗಾಗಿ ಈ ಬರಹ. ಆ ವಿಡಿಯೊ ಸುಳ್ಳಲ್ಲ, ಸಸಿ ಬಂದೇ ಬರುತ್ತವೆ. ಆದರೆ ವಿಡಿಯೊ ಮುಗಿಯುವುದೂ ಅಲ್ಲಿಗೇ. ಆಮೇಲೆ ಆ ಕುಂಡಕ್ಕೆ ಆಗುವುದು ಹೀಗೆ:

ಮೊದಲ ವಾರವೇ ತಿರುಳು ಹುಳಿತು ವಾಸನೆ ಬರುತ್ತದೆ, ಮಣ್ಣಿನ ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ, ಸಣ್ಣ ಕಪ್ಪು ನೊಣಗಳು ಸುತ್ತತೊಡಗುತ್ತವೆ. ಮೂರ್ನಾಲ್ಕು ವಾರಕ್ಕೆ ಬೆರಳಗಲದ ಜಾಗದಲ್ಲಿ ಇಪ್ಪತ್ತು ಮೂವತ್ತು ಸಸಿಗಳು ಒತ್ತೊತ್ತಾಗಿ ಏಳುತ್ತವೆ. ಖುಷಿಗೆ ನೀರು ಇನ್ನಷ್ಟು ಹೆಚ್ಚಾಗುತ್ತದೆ. ಒಂದು ಬೆಳಿಗ್ಗೆ ನೋಡಿದರೆ ನಾಲ್ಕಾರು ಸಸಿ ಬುಡದಲ್ಲಿ ಮಡಚಿದಂತೆ ಮಲಗಿರುತ್ತವೆ, ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ. ಬಾಡಿರಬೇಕು ಎಂದುಕೊಂಡು ಮತ್ತೆ ನೀರು. ಮೂರ್ನಾಲ್ಕು ದಿನದಲ್ಲಿ ಕುಂಡ ಖಾಲಿ.

ಇದು ಸಸಿ ಕೊಳೆ ರೋಗ. ಪಿಥಿಯಂ, ರೈಜೊಕ್ಟೋನಿಯಾದಂಥ ರೋಗಾಣುಗಳು ಮಣ್ಣಿನಲ್ಲೇ ಇರುತ್ತವೆ. ತೇವ ಆರದೆ, ಗಾಳಿಯಾಡದೆ ಇರುವ ಕಡೆ ಎಳೆಯ ಕಾಂಡಕ್ಕೆ ಮಣ್ಣಿನ ಮಟ್ಟದಲ್ಲೇ ತಗಲುತ್ತವೆ. ಆ ಜಾಗ ನೀರುನೀರಾಗಿ, ದಾರದಷ್ಟು ಸಣ್ಣಗಾಗಿ ಸಸಿ ಬೀಳುತ್ತದೆ. ಬಿದ್ದ ಸಸಿಯನ್ನು ಯಾವ ಔಷಧಿಯೂ ಎಬ್ಬಿಸುವುದಿಲ್ಲ. ಮನೆಯಲ್ಲಿ ಬೆಳೆಸಿದ ಸೀಬೆ ಸಸಿಗಳು ಸಾಯುವುದು ನೀರು ಸಾಲದೆ ಅಲ್ಲ, ನೀರು ವಿಪರೀತವಾಗಿ. ಈ ಒಂದು ಮಾತು ನೆನಪಿದ್ದರೆ ಅರ್ಧ ನಷ್ಟ ತಪ್ಪುತ್ತದೆ.

ಹಾಗಾಗಿ ಮೊದಲ ಕೆಲಸ ತಿರುಳು ತೆಗೆಯುವುದು. ಗಿಡದಲ್ಲೇ ಚೆನ್ನಾಗಿ ಮಾಗಿದ ಹಣ್ಣು ತೆಗೆದುಕೊಳ್ಳಿ, ಕಾಯಿಯ ಬೀಜ ಬೇಡ. ಬೀಜದ ಭಾಗವನ್ನು ಒಂದು ದಿನ ನೀರಿನಲ್ಲಿ ನೆನೆಹಾಕಿ, ಜರಡಿಯಲ್ಲಿಟ್ಟು ಹರಿಯುವ ನೀರಿನಡಿ ಉಜ್ಜಿ. ಬೀಜ ಕೈಗೆ ಜಾರದೆ ಮರಳಿನಂತೆ ಒರಟಾಗಿ ಸಿಗುವವರೆಗೂ ತೊಳೆಯಬೇಕು. ತೇಲುವ ಬೀಜವನ್ನು ಬಿಸಾಡಿ ಎನ್ನುತ್ತಾರೆ. ಸರಿಯೇ, ಆದರೆ ತೊಳೆಯುವ ಮೊದಲು ಈ ಪರೀಕ್ಷೆ ಮಾಡಿದರೆ ತಿರುಳಿಗೆ ಅಂಟಿದ ಗಾಳಿಗುಳ್ಳೆಯಿಂದ ಒಳ್ಳೆಯ ಬೀಜವೂ ತೇಲುತ್ತದೆ.

ಸೀಬೆ ಬೀಜದ ಸಿಪ್ಪೆ ಬಹಳ ಗಟ್ಟಿ, ನೀರು ಒಳಗಿಳಿಯಲು ಹೊತ್ತು ಬೇಕು. ತೊಳೆದ ಬೀಜವನ್ನು ಇನ್ನೂ ಎರಡು ಮೂರು ದಿನ ನೆನೆಸಿ, ದಿನಕ್ಕೆರಡು ಸಲ ನೀರು ಬದಲಿಸಿ. ಕುದಿಯುವ ನೀರಿನಲ್ಲಿ ಐದು ನಿಮಿಷ ಹಾಕುವ ಪದ್ಧತಿಯೂ ಇದೆ. ಐದು ಹತ್ತಾದರೆ ಬೀಜ ಬೆಂದುಹೋಗುತ್ತದೆ. ಮನೆಮಟ್ಟಿಗೆ ತಣ್ಣೀರಿನಲ್ಲಿ ನೆನೆಸಿದರೆ ಸಾಕು, ಅವಸರವೇನೂ ಇಲ್ಲ.

ಬೀಜ ಬಿತ್ತಲು ತುಂಬುವ ಮಿಶ್ರಣದಲ್ಲಿ ಆಗುವ ತಪ್ಪು ಗೊಬ್ಬರದ್ದು. ಮೊಳಕೆಗೆ ಬೇಕಾದ ಆಹಾರ ಬೀಜದೊಳಗೇ ಇದೆ, ಮೊದಲ ತಿಂಗಳು ಗೊಬ್ಬರ ಬೇಡ. ಅರೆಕೊಳೆತ ಸಗಣಿ ಗೊಬ್ಬರ ಹಾಕಿದರೆ ರೋಗಾಣುಗಳಿಗೆ ಊಟ ಹಾಕಿದಂತೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) 2 ಪಾಲು, ದಪ್ಪ ಮರಳು 1 ಪಾಲು, ಇಷ್ಟೇ ಸಾಕು. ಕೋಕೋಪೀಟ್ ಇಟ್ಟಿಗೆಯನ್ನು ಮೂರು ಸಲ ನೀರು ಬದಲಿಸಿ ತೊಳೆಯಿರಿ, ಅದರಲ್ಲಿ ಉಪ್ಪಿನಂಶ ಉಳಿದಿದ್ದರೆ ಎಲೆಯ ತುದಿ ಕಂದಾಗಿ ಸುಡುತ್ತದೆ. ಮರಳಿನ ಮೇಲೆ ಕುದಿಯುವ ನೀರು ಸುರಿದು, ಆರಿಸಿ ಬಳಸಿ. ರೋಗಾಣುಗಳನ್ನು ತಡೆಯುವ ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮಾ ಹಾಕುವುದಾದರೆ ಬಿತ್ತುವ ಮೊದಲೇ, ಪೊಟ್ಟಣದ ಮೇಲೆ ಹೇಳಿರುವ ಪ್ರಮಾಣದಲ್ಲಿ ಬೆರೆಸಿ. ರೋಗ ಬಂದ ಮೇಲೆ ಹಾಕಿದರೆ ಪ್ರಯೋಜನವಿಲ್ಲ.

ಇನ್ನೊಂದು ತಪ್ಪು ತಿಳಿಯುವ ಹೊತ್ತಿಗೆ ವರ್ಷ ಕಳೆದಿರುತ್ತದೆ: ಟೊಮೆಟೊ, ಬದನೆ, ಬೆಂಡೆ ಬೆಳೆದ ಹಳೆಯ ಕುಂಡದ ಮಣ್ಣನ್ನು ಸೀಬೆಗೆ ಬಳಸುವುದು. ಈ ತರಕಾರಿಗಳ ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳು ಸೀಬೆಗೂ ಬರುತ್ತದೆ, ಸೀಬೆಗೆ ಅದು ಕಡು ವೈರಿ. ಗಿಡ ಸಾಯದೆ, ಬೆಳೆಯದೆ ಹಳದಿ ತಿರುಗಿ ನಿಂತುಬಿಡುತ್ತದೆ. ಗೊಬ್ಬರ ಹಾಕಿದಷ್ಟೂ ವ್ಯರ್ಥ. ಸಸಿಯನ್ನು ಕಿತ್ತು ನೋಡಿದಾಗ ಬೇರಿನ ತುಂಬ ಮಣಿ ಪೋಣಿಸಿದಂತೆ ಗಂಟು. ಹಾಗಿದ್ದರೆ ಗಿಡದ ಜೊತೆ ಆ ಮಣ್ಣನ್ನೂ ಹೊರಹಾಕಿ, ಬೇರೆ ಕುಂಡಕ್ಕೆ ಸುರಿಯಬೇಡಿ.

ಬಿತ್ತಲು ಸಣ್ಣ ಗುಳಿಗಳಿರುವ ಸಸಿ ಟ್ರೇ ಬಳಸಿ: ಒಂದೊಂದು ಗುಳಿಯಲ್ಲಿ ಎರಡು ಬೀಜ, ಆಳ ಅರ್ಧದಿಂದ ಒಂದು ಸೆಂಟಿಮೀಟರ್, ಅದಕ್ಕಿಂತ ಹೆಚ್ಚು ಬೇಡ. 20ರಿಂದ 28 ಡಿಗ್ರಿ ಬಿಸಿಯಲ್ಲಿ ಎರಡು ವಾರಕ್ಕೆ ಮೊಳಕೆ ಕಾಣಬಹುದು, ಎಂಟು ವಾರವೂ ಹಿಡಿಯಬಹುದು. ಒಂದೇ ಹಣ್ಣಿನ ಬೀಜಗಳೂ ಒಟ್ಟಿಗೆ ಏಳುವುದಿಲ್ಲ. ತಿಂಗಳಾಯಿತೆಂದು ಟ್ರೇ ಸುರಿದವರು ಎಷ್ಟೋ ಜನ. ತೇವ ಉಳಿಯಲೆಂದು ಪ್ಲಾಸ್ಟಿಕ್ ಮುಚ್ಚಿದ್ದರೆ ಮೊದಲ ಮೊಳಕೆ ಕಂಡ ದಿನವೇ ತೆಗೆಯಿರಿ. ಉಳಿದವೂ ಬರಲಿ ಎಂದು ಕಾದರೆ ಬಂದವೂ ಹೋಗುತ್ತವೆ.

ಅಲ್ಲಿಂದ ನೀರಿನ ಲೆಕ್ಕ ಪೂರ್ತಿ ಬದಲಾಗಬೇಕು. ಮೇಲಿನಿಂದ ಸುರಿಯಬೇಡಿ. ಟ್ರೇಯನ್ನು ಎರಡು ಸೆಂಟಿಮೀಟರ್ ನೀರಿರುವ ತಟ್ಟೆಯಲ್ಲಿ 15 ನಿಮಿಷ ಇಟ್ಟು, ತೆಗೆದು ಬಸಿಯಲು ಬಿಡಿ. ಮೇಲ್ಮೈ ಒಣಗಿ ಬಣ್ಣ ತಿಳಿಯಾಗುವವರೆಗೆ ಮತ್ತೆ ನೀರಿಲ್ಲ. ಕೊಡುವುದು ಬೆಳಿಗ್ಗೆ, ಸಂಜೆ ಬೇಡ. ಒಂದು ಗುಳಿಯಲ್ಲಿ ಎರಡು ಬಂದಿದ್ದರೆ ಬಡವಾದುದನ್ನು ಕೀಳದೆ ಕತ್ತರಿಯಿಂದ ಕತ್ತರಿಸಿ, ಕಿತ್ತರೆ ಪಕ್ಕದ್ದರ ಬೇರು ಅಲುಗುತ್ತದೆ. ಒಂದು ಸಸಿ ಬಿದ್ದರೂ ಸುತ್ತಲಿನ ಮಿಶ್ರಣದ ಸಮೇತ ಎತ್ತಿ ಬಿಸಾಡಿ.

ಮೊದಲು ಕಾಣುವ ಬೀಜದೆಲೆಗಳನ್ನು ಬಿಟ್ಟು ನಾಲ್ಕರಿಂದ ಆರು ನಿಜವಾದ ಎಲೆ ಬಂದು, 5ರಿಂದ 7 ಸೆಂಟಿಮೀಟರ್ ಎತ್ತರವಾದಾಗ ಚೀಲಕ್ಕೆ ಬದಲಿಸಿ. ಕಾಂಡ ಹಿಡಿಯಬೇಡಿ, ಎಲೆ ಹಿಡಿಯಿರಿ. ಎಲೆ ಹರಿದರೆ ಮತ್ತೊಂದು ಬರುತ್ತದೆ, ಕಾಂಡ ಜಜ್ಜಿದರೆ ಮುಗಿಯಿತು. ಬೇರು ಗುಳಿಯೊಳಗೆ ಬಗ್ಗಿ ಮೇಲಕ್ಕೆ ನೋಡುತ್ತಿದ್ದರೆ ಹಾಗೆಯೇ ತುರುಕಬೇಡಿ. ತಾಯಿಬೇರು ಎಳವೆಯಲ್ಲಿ ಕೊಕ್ಕೆಯಾದರೆ ಕೊನೆತನಕ ಕೊಕ್ಕೆಯೇ, ಜೋರು ಗಾಳಿಗೆ ಆ ಗಿಡ ವಾಲುತ್ತದೆ. ಅಗಲವಾದ ಗಿಡ್ಡ ಕುಂಡಕ್ಕಿಂತ ಕನಿಷ್ಠ 25 ಸೆಂಟಿಮೀಟರ್ ಆಳದ ಚೀಲ ಒಳ್ಳೆಯದು. ಬದಲಿಸಿದ ವಾರ ನೆರಳು, ಆಮೇಲೆ ದಿನಕ್ಕೊಂದೆರಡು ಗಂಟೆ ಎಳೆಬಿಸಿಲು, ಎರಡು ವಾರದ ನಂತರ ಪೂರ್ತಿ ಬಿಸಿಲು.

ಇಷ್ಟು ಸರಿಹೋದವರಿಗೆ ನಾಲ್ಕೈದು ವರ್ಷದ ನಂತರ ದೊಡ್ಡ ನಿರಾಸೆ ಕಾದಿರುತ್ತದೆ. ತಿಂದ ಹಣ್ಣು ದೊಡ್ಡದು, ಸಿಹಿ, ಬೀಜ ಕಡಿಮೆ. ಆ ಬೀಜದ ಗಿಡದಲ್ಲಿ ಬಿಟ್ಟದ್ದು ನಿಂಬೆ ಗಾತ್ರದ, ಬೀಜವೇ ತುಂಬಿದ ಕಾಯಿ. ಗಿಡ ಸಾಕಿದವರ ತಪ್ಪು ಇದರಲ್ಲಿ ಏನೂ ಇಲ್ಲ. ಸೀಬೆಯ ಹೂವಿಗೆ ಜೇನುನೊಣಗಳು ಬೇರೆ ಗಿಡದ ಪರಾಗವನ್ನೂ ತರುತ್ತವೆ, ಪ್ರತಿ ಬೀಜವೂ ಹೊಸ ಬೆರಕೆ. ಒಳ್ಳೆಯ ಗಿಡ ಬರುವುದೇ ಇಲ್ಲವೆಂದಲ್ಲ: ಹೆಸರಾಂತ ಲಖನೌ-49 ತಳಿಯೂ ಅಲಹಾಬಾದ್ ಸಫೇದಾ ಎಂಬ ತಳಿಯ ಬೀಜದ ಸಸಿಗಳಿಂದಲೇ ಆರಿಸಿದ್ದು. ಆದರೆ ಅದು ಅನೇಕ ಸಸಿಗಳನ್ನು ಫಲಕ್ಕೆ ತಂದು ಒಂದನ್ನು ಆರಿಸಿಕೊಂಡ ಕೆಲಸ. ಮನೆಯಲ್ಲಿ ಜಾಗ ಇರುವುದು ಒಂದಕ್ಕೋ ಎರಡಕ್ಕೋ. ಬೀಜದ ಗಿಡ ಫಲಕ್ಕೆ ಬರಲು ಮೂರರಿಂದ ಎಂಟು ವರ್ಷ ತೆಗೆದುಕೊಳ್ಳಬಹುದು, ಗೂಟಿ (ಕೊಂಬೆಯಲ್ಲೇ ಬೇರು ಬರಿಸಿ ಬೇರ್ಪಡಿಸಿದ) ಗಿಡ ಅಥವಾ ಕಸಿ ಗಿಡ ಎರಡನೇ ವರ್ಷಕ್ಕೇ ಹೂ ತೋರಿಸುತ್ತದೆ.

ಸಸಿ ಈಗಾಗಲೇ ಬೆಳೆದಿದ್ದರೆ ಕೀಳಬೇಡಿ. ಅದರ ಬೇರು ಗಟ್ಟಿ, ಅದಕ್ಕೆ ಕಸಿ ಕಟ್ಟಿ. ಕಾಂಡ ಪೆನ್ಸಿಲ್ ದಪ್ಪವಾದಾಗ, ಅಂದರೆ ಅರ್ಧದಿಂದ ಒಂದು ಸೆಂಟಿಮೀಟರ್, ನೆಲದಿಂದ 15ರಿಂದ 18 ಸೆಂಟಿಮೀಟರ್ ಎತ್ತರದಲ್ಲಿ ತಲೆ ಕತ್ತರಿಸಿ, ನಡುವೆ ನಾಲ್ಕು ಸೆಂಟಿಮೀಟರ್ ಆಳಕ್ಕೆ ಸೀಳಿ. ನಿಮಗೆ ಇಷ್ಟವಾದ ಗಿಡದಿಂದ ಅಷ್ಟೇ ದಪ್ಪದ, ಮೂರ್ನಾಲ್ಕು ಚಿಗುರುಮೊಗ್ಗುಗಳಿರುವ ಕಡ್ಡಿ ತಂದು, ಬುಡವನ್ನು ಬೆಣೆಯಂತೆ ಕೆತ್ತಿ ಸೀಳಿಗೆ ಕೂರಿಸಿ. ಕನಿಷ್ಠ ಒಂದು ಬದಿಯಲ್ಲಾದರೂ ತೊಗಟೆಗೆ ತೊಗಟೆ ಕೂಡಬೇಕು, ಕಸಿ ಸೋಲುವುದು ಹೆಚ್ಚಾಗಿ ಇಲ್ಲೇ. ಎರಡು ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೆ ತೆಳು ಪ್ಲಾಸ್ಟಿಕ್ ಕೊಳವೆಯ ಟೋಪಿ ಹಾಕಿ. ಎರಡು ವಾರದೊಳಗೆ ಚಿಗುರು ಕಾಣುತ್ತದೆ. ಕಂಡ ತಕ್ಷಣ ಟೋಪಿ ತೆಗೆದರೆ ಎಳೆ ಚಿಗುರು ಒಣಗುತ್ತದೆ, ಕಟ್ಟಿದ ದಿನದಿಂದ ಮೂರು ವಾರವಾಗುವವರೆಗೆ ಇರಲಿ. ಕಸಿಯ ಕೆಳಗಿನಿಂದ ಬರುವ ಚಿಗುರನ್ನು ಮಾತ್ರ ಕಂಡಾಗಲೆಲ್ಲ ಚಿವುಟಿ. ಬಿಟ್ಟರೆ ಅದೇ ಮೇಲಾಗಿ, ಕಟ್ಟಿದ ಕಡ್ಡಿ ಸೊರಗಿ, ಮತ್ತೆ ಅದೇ ನಿಂಬೆ ಗಾತ್ರದ ಕಾಯಿ ಬಿಡುತ್ತದೆ.