ಬರವಣಿಗೆ ಕೇಂದ್ರದ ನಿರ್ದೇಶಕ ಹುದ್ದೆ: ಅಧ್ಯಾಪಕರಾಗಿಯೋ, ಆಡಳಿತ ಸಿಬ್ಬಂದಿಯಾಗಿಯೋ?

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ, ವಿದ್ಯಾರ್ಥಿಗಳ ಬರವಣಿಗೆಗೆ ನೆರವಾಗುವ ಬರವಣಿಗೆ ಕೇಂದ್ರದ ನಿರ್ದೇಶಕ ಹುದ್ದೆಗೆ ಅರ್ಜಿ ಹಾಕುವವರು ಸಂಬಳಕ್ಕಿಂತ ಮೊದಲು ನೋಡಬೇಕಾದದ್ದು, ಅದು ಅಧ್ಯಾಪಕ ಹುದ್ದೆಯೇ ಅಥವಾ ಆಡಳಿತ ಹುದ್ದೆಯೇ ಎಂಬುದನ್ನು.

ದಿನದ ಕೆಲಸ ಎರಡರಲ್ಲೂ ಹೆಚ್ಚುಕಡಿಮೆ ಒಂದೇ: ಇತರ ವಿದ್ಯಾರ್ಥಿಗಳಿಗೆ ನೆರವಾಗುವ ವಿದ್ಯಾರ್ಥಿ ಬೋಧಕರನ್ನು ಆರಿಸಿ ತರಬೇತಿ ಕೊಡುವುದು, ವೇಳಾಪಟ್ಟಿ, ಬಜೆಟ್, ವಾರ್ಷಿಕ ವರದಿ. ಪ್ರಬಂಧವನ್ನು ತಿದ್ದಿಕೊಡದೆ, ಬರೆದವರೇ ತಮ್ಮ ತಪ್ಪನ್ನು ಕಂಡುಕೊಳ್ಳುವಂತೆ ಪ್ರಶ್ನೆ ಕೇಳುವುದನ್ನು ಬೋಧಕರಿಗೆ ಕಲಿಸುವುದೇ ಇದರ ಜೀವಾಳ.

ಅಧ್ಯಾಪಕ ಹುದ್ದೆಗೆ ಸಾಮಾನ್ಯವಾಗಿ ಪಿಎಚ್‌ಡಿ ಬೇಕು. ಸುಮಾರು ಆರು ವರ್ಷಗಳಲ್ಲಿ ಸಂಶೋಧನೆ ಪ್ರಕಟಿಸಿ ಕಾಯಂ ಆಗಬೇಕು. ಕೇಂದ್ರವನ್ನು ಕಟ್ಟಲು ಸುರಿದ ಶ್ರಮವನ್ನು ಬಡ್ತಿಯ ಸಮಿತಿ ಬರೀ ‘ಸೇವೆ’ ಎಂದು ಬದಿಗಿಡುವ ಅಪಾಯವಿದೆ. ಆದ್ದರಿಂದ ಅದಕ್ಕೆಷ್ಟು ಬೆಲೆ ಎಂಬುದನ್ನು ನೇಮಕಾತಿ ಪತ್ರದಲ್ಲೇ ಬರೆಸಿಕೊಳ್ಳಿ. ಕಾಯಂ ಆದಮೇಲೆ ಮಾತ್ರ ಕೇಂದ್ರದ ಪರವಾಗಿ ನಿರ್ಭಯವಾಗಿ ವಾದಿಸಬಹುದು.

ಆಡಳಿತ ಹುದ್ದೆಗೆ ಕೆಲವೆಡೆ ಸ್ನಾತಕೋತ್ತರ ಪದವಿಯೇ ಸಾಕು. ಪ್ರಕಟಣೆಯ ಒತ್ತಡವಿಲ್ಲ, ಆದರೆ ಬೇಸಿಗೆಯಲ್ಲೂ ಕಚೇರಿ ತಪ್ಪುವುದಿಲ್ಲ. ಬಜೆಟ್ ಕಡಿತವಾದರೆ ರಕ್ಷಣೆಯೂ ಕಡಿಮೆ.

ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1976ರಲ್ಲಿ ಆರಂಭವಾದ ಕೇಂದ್ರವನ್ನು ಮ್ಯೂರಿಯಲ್ ಹ್ಯಾರಿಸ್ ಅಧ್ಯಾಪಕಿಯಾಗಿಯೇ ದಶಕಗಳ ಕಾಲ ಬೆಳೆಸಿದರು. ಸಂಶೋಧನೆಯ ಹಸಿವಿದ್ದರೆ ನಾನು ಆ ದಾರಿಯನ್ನೇ ಸೂಚಿಸುತ್ತೇನೆ. ವಿದ್ಯಾರ್ಥಿಗಳ ಒಡನಾಟವೇ ಮುಖ್ಯವೆನಿಸಿದರೆ ಎರಡನೆಯದನ್ನು.