ಸಿನಾಲಜಿ ನ್ಯಾಸ್‌ನಲ್ಲಿ ಜಾಗ ಬಿಡಿಸುವ ಸಲಕರಣೆಗಳು: ಎಷ್ಟು ಉಪಯೋಗ, ಎಲ್ಲಿ ಕೊರತೆ

ಸಿನಾಲಜಿ ನ್ಯಾಸ್‌ನಿಂದ (ನೆಟ್‌ವರ್ಕ್‌ಗೆ ಜೋಡಿಸಿ ಫೈಲ್ ಇಡುವ ಪೆಟ್ಟಿಗೆ) 300 ಜಿಬಿ ವಿಡಿಯೊ ಡಿಲೀಟ್ ಮಾಡಿ ಸ್ಟೋರೇಜ್ ಮ್ಯಾನೇಜರ್ ತೆರೆದರೆ ವಾಲ್ಯೂಮ್ (ಫೈಲ್‌ಗಳಿರುವ ಡಿಸ್ಕ್ ಜಾಗ) ಮೊದಲಿನಷ್ಟೇ ತುಂಬಿರುತ್ತದೆ. ಡಿಸ್ಕ್ ಕೆಟ್ಟಿಲ್ಲ, ಲೆಕ್ಕವೂ ತಪ್ಪಿಲ್ಲ. ಸಿನಾಲಜಿಯ ಆಪರೇಟಿಂಗ್ ಸಿಸ್ಟಮ್ ಆದ ಡಿಎಸ್‌ಎಂ 7ರಲ್ಲಿ ಒಂದು ಫೈಲನ್ನು ಮೂರು ಕಡೆ ಹಿಡಿದಿಟ್ಟಿರಬಹುದು: ರೀಸೈಕಲ್ ಬಿನ್, ಸ್ನ್ಯಾಪ್‌ಶಾಟ್ (ಒಂದು ಗಳಿಗೆಯಲ್ಲಿ ಫೋಲ್ಡರ್ ಹೇಗಿತ್ತೆಂಬ ದಾಖಲೆ), ಫೈಲ್ ಸಿಂಕ್ ಮಾಡುವ ಪ್ಯಾಕೇಜ್ ಆದ ಸಿನಾಲಜಿ ಡ್ರೈವ್‌ನ ಹಳೆಯ ಆವೃತ್ತಿಗಳು. ಮೂರನ್ನೂ ಸಡಿಲಿಸಲು ಸಲಕರಣೆಗಳಿವೆ, ಕೆಲಸವನ್ನೂ ಚೆನ್ನಾಗಿ ಮಾಡುತ್ತವೆ. ಆದರೆ ಒಂದೊಂದೂ ಒಂದೊಂದು ಮೂಲೆಯಲ್ಲಿದೆ. ಮೂರನ್ನೂ ಒಂದೇ ಕಡೆಯಿಂದ ಸಡಿಲಿಸಲು ಆಗದಿರುವುದೇ ಇದರ ದೊಡ್ಡ ಕೊರತೆ.

ಶುರು ಮಾಡಬೇಕಾದದ್ದು ಸ್ಟೋರೇಜ್ ಅನಲೈಸರ್‌ನಿಂದ. ಪ್ಯಾಕೇಜ್ ಸೆಂಟರ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಯಾವ ಶೇರ್ಡ್ ಫೋಲ್ಡರ್ ಎಷ್ಟು ತಿಂದಿದೆ, ದೊಡ್ಡ ಫೈಲ್‌ಗಳು ಯಾವುವು, ವರ್ಷಗಟ್ಟಲೆ ಬದಲಾಗದೆ ಬಿದ್ದಿರುವವು ಯಾವುವು, ನಕಲು ಇರಬಹುದಾದವು ಯಾವುವು ಎಂದು ವರದಿ ಕೊಡುತ್ತದೆ. ಲಕ್ಷಗಟ್ಟಲೆ ಫೈಲ್ ಇದ್ದರೆ ವರದಿ ತಯಾರಾಗಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ರಾತ್ರಿಗೆ ಷೆಡ್ಯೂಲ್ ಮಾಡುವುದು ಒಳ್ಳೆಯದು. ನಕಲುಗಳ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬಾರದು. ಮುಖ್ಯವಾಗಿ, ಸಿನಾಲಜಿಯ ಬ್ಯಾಕಪ್ ಪ್ಯಾಕೇಜ್ ಆದ ಹೈಪರ್ ಬ್ಯಾಕಪ್ ಬರೆದಿರುವ ‘.ಎಚ್‌ಬಿಕೆ’ ಫೋಲ್ಡರಿನೊಳಗಿನ ಒಂದೇ ಒಂದು ಫೈಲನ್ನು ಕೈಯಾರೆ ತೆಗೆದರೂ ಬ್ಯಾಕಪ್ ಹಾಳಾಗಬಹುದು. ಅಲ್ಲಿ ಜಾಗ ಬೇಕಿದ್ದರೆ ಹೈಪರ್ ಬ್ಯಾಕಪ್‌ನಿಂದಲೇ ಹಳೆಯ ಆವೃತ್ತಿಗಳನ್ನು ತೆಗೆಯಬೇಕು. ವರದಿಯಿಂದ ಸಿಗುವ ಅತ್ಯಂತ ಬೆಲೆಬಾಳುವ ಸಂಖ್ಯೆಯನ್ನು ಮಾತ್ರ ನಾವೇ ಲೆಕ್ಕ ಹಾಕಬೇಕು: ವಾಲ್ಯೂಮ್‌ನಲ್ಲಿ ಬಳಕೆಯಾದ ಜಾಗದಿಂದ ಎಲ್ಲ ಶೇರ್ಡ್ ಫೋಲ್ಡರ್‌ಗಳ ಮೊತ್ತ ಕಳೆಯಿರಿ. ವ್ಯತ್ಯಾಸ ನೂರಾರು ಜಿಬಿ ಇದ್ದರೆ ಫೈಲ್ ಹುಡುಕುತ್ತಾ ಕೂರುವುದು ವ್ಯರ್ಥ. ಕಳ್ಳ ಬೇರೆ ಕಡೆ ಇದ್ದಾನೆ.

ರೀಸೈಕಲ್ ಬಿನ್ ಸುಲಭದ್ದು. ಅದನ್ನು ಸಕ್ರಿಯಗೊಳಿಸಿದ ಪ್ರತಿ ಶೇರ್ಡ್ ಫೋಲ್ಡರಿನಲ್ಲೂ ‘#ರೀಸೈಕಲ್’ ಎಂಬ ಫೋಲ್ಡರ್ ಇರುತ್ತದೆ, ಡಿಲೀಟ್ ಎಂದರೆ ಬರೀ ಅದರೊಳಕ್ಕೆ ಸಾಗಿಸುವುದು. ಖಾಲಿ ಮಾಡುವ ಷೆಡ್ಯೂಲ್ ತಾನಾಗಿ ಬರುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಶೇರ್ಡ್ ಫೋಲ್ಡರ್ ವಿಭಾಗದಲ್ಲಿ ಆಕ್ಷನ್ ಒತ್ತಿ ಅದನ್ನು ರಚಿಸಿ, 30 ದಿನಕ್ಕಿಂತ ಹಳೆಯದನ್ನು ಮಾತ್ರ ಅಳಿಸುವಂತೆ ಇಟ್ಟರೆ ಮನೆಯ ಬಳಕೆಗೆ ಸಾಕು.

ನಿಜವಾದ ಗಂಟು ಇರುವುದು ಸ್ನ್ಯಾಪ್‌ಶಾಟ್‌ಗಳಲ್ಲಿ. ಇವು ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಇರುವ ವಾಲ್ಯೂಮ್‌ನಲ್ಲಿ ಮಾತ್ರ ಇರುತ್ತವೆ. ತೆಗೆದ ಗಳಿಗೆಯಲ್ಲಿ ಸ್ನ್ಯಾಪ್‌ಶಾಟ್ ಹೆಚ್ಚುಕಡಿಮೆ ಜಾಗವನ್ನೇ ತಿನ್ನುವುದಿಲ್ಲ. ಆಮೇಲೆ ಫೈಲ್ ಬದಲಾದಾಗ, ಅಳಿಸಿದಾಗ ಹಳೆಯ ಬ್ಲಾಕ್‌ಗಳನ್ನು (ಡೇಟಾದ ತುಣುಕುಗಳನ್ನು) ಬಿಡದೆ ಇಟ್ಟುಕೊಳ್ಳುತ್ತದೆ. ದಿನಕ್ಕೊಂದರಂತೆ 30 ಸ್ನ್ಯಾಪ್‌ಶಾಟ್ ಇದ್ದು ಆ ವಿಡಿಯೊ ಎಲ್ಲದರಲ್ಲೂ ಇದ್ದರೆ, ಮೂವತ್ತೂ ಹೋಗುವ ತನಕ ಒಂದು ಬೈಟೂ ವಾಪಸ್ ಬರುವುದಿಲ್ಲ. ಮಧ್ಯದ ಒಂದೆರಡನ್ನು ಅಳಿಸಿ ‘ಏನೂ ಆಗಲಿಲ್ಲ’ ಅನ್ನುವವರು ಎಡವುವುದು ಇಲ್ಲೇ. ಸ್ನ್ಯಾಪ್‌ಶಾಟ್ ರೆಪ್ಲಿಕೇಷನ್ ಪ್ಯಾಕೇಜ್‌ನಲ್ಲಿ ಸ್ನ್ಯಾಪ್‌ಶಾಟ್‌ಗಳ ಗಾತ್ರ ಲೆಕ್ಕ ಹಾಕುವ ಸೌಲಭ್ಯವಿದೆ; ಅಳಿಸುವ ಮೊದಲು ಅದನ್ನು ಓಡಿಸಿ ನೋಡಿ. ಅಳಿಸುವಾಗ ಅತಿ ಹಳೆಯದರಿಂದ ಸಾಲಾಗಿ ಬನ್ನಿ. ಲಾಕ್ ಮಾಡಿದ ಸ್ನ್ಯಾಪ್‌ಶಾಟ್‌ಗಳನ್ನು ರಿಟೆನ್ಷನ್ ನಿಯಮ (ಹಳೆಯವನ್ನು ತಾನಾಗಿ ಅಳಿಸುವ ನಿಯಮ) ಮುಟ್ಟುವುದಿಲ್ಲ, ಅವನ್ನು ನೀವೇ ಬಿಡಿಸಬೇಕು. ಡಿಎಸ್‌ಎಂ 7.2ರಲ್ಲಿ ಬಂದ ಬದಲಾಯಿಸಲಾಗದ ಸ್ನ್ಯಾಪ್‌ಶಾಟ್ ಆರಿಸಿಕೊಂಡಿದ್ದರಂತೂ ಗಡುವು ಮುಗಿಯುವವರೆಗೆ ಅಡ್ಮಿನ್ ಖಾತೆಯಿಂದಲೂ ತೆಗೆಯಲು ಬರುವುದಿಲ್ಲ. ರ್‍ಯಾನ್ಸಮ್‌ವೇರ್ ವಿರುದ್ಧ ಅದು ಒಳ್ಳೆಯ ಕವಚ, ಆದರೆ ಶೇ 90 ತುಂಬಿದ ವಾಲ್ಯೂಮ್‌ನಲ್ಲಿ ಅದನ್ನು ಆನ್ ಮಾಡಬೇಡಿ. ಇನ್ನೊಂದು ಮಾತು: ಅಳಿಸಿದ ಕೂಡಲೇ ಸಂಖ್ಯೆ ಇಳಿಯುವುದಿಲ್ಲ. ಜಾಗ ವಾಪಸ್ ಪಡೆಯುವ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತದೆ. ಆ ಹೊತ್ತಿನಲ್ಲಿ ಯಂತ್ರ ನಿಧಾನವಾಯಿತೆಂದು ರೀಸ್ಟಾರ್ಟ್ ಮಾಡದೆ ತಾಳ್ಮೆಯಿಂದ ಬಿಡಿ.

ಸಿನಾಲಜಿ ಡ್ರೈವ್ ಒಂದು ಫೈಲಿಗೆ 32ರವರೆಗೆ ಆವೃತ್ತಿ ಇಡಬಲ್ಲದು. ಪತ್ರ, ಲೆಕ್ಕದ ಹಾಳೆಗಳಿಗೆ ಇದು ವರ. ದಿನವೂ ಬದಲಾಗುವ ವಿಡಿಯೊ ಪ್ರಾಜೆಕ್ಟ್, ವರ್ಚುವಲ್ ಮಷೀನ್ ಫೈಲ್‌ಗಳಿರುವ ಫೋಲ್ಡರಿಗೆ ಮಾತ್ರ ದುಬಾರಿ. ಈ ಆವೃತ್ತಿಗಳು ಫೈಲ್ ಸ್ಟೇಷನ್‌ನಲ್ಲಿ ಕಾಣದ ಫೋಲ್ಡರಿನಲ್ಲಿ ಕೂತಿರುತ್ತವೆ. ಡ್ರೈವ್ ಅಡ್ಮಿನ್ ಕನ್ಸೋಲ್‌ನ ಟೀಮ್ ಫೋಲ್ಡರ್ ವಿಭಾಗದಲ್ಲಿ ಸಂಖ್ಯೆಯನ್ನು 4ಕ್ಕೋ 5ಕ್ಕೋ ಇಳಿಸಿ. ಎಸ್‌ಎಸ್‌ಎಚ್‌ನಲ್ಲಿ (ಕಮಾಂಡ್ ಟೈಪ್ ಮಾಡಿ ಯಂತ್ರವನ್ನು ನಡೆಸುವ ದಾರಿ) ಒಳಹೊಕ್ಕು ‘@’ನಿಂದ ಶುರುವಾಗುವ ಫೋಲ್ಡರ್‌ಗಳನ್ನು ಕಿತ್ತುಹಾಕುವ ಸಲಹೆ ಎಲ್ಲಾದರೂ ಸಿಕ್ಕರೆ ದಯವಿಟ್ಟು ಪಾಲಿಸಬೇಡಿ, ಪ್ಯಾಕೇಜ್‌ಗಳ ಡೇಟಾಬೇಸ್ ಅಲ್ಲೇ ಇರುತ್ತದೆ.

ಮ್ಯಾಕ್ ಬಳಸುವ ಮನೆಯಲ್ಲಿ ಟೈಮ್ ಮಷೀನ್ (ಮ್ಯಾಕ್‌ನದೇ ಬ್ಯಾಕಪ್ ಸಲಕರಣೆ) ಫೋಲ್ಡರಿಗೆ ಕೋಟಾ, ಅಂದರೆ ಜಾಗದ ಮಿತಿ, ಹಾಕಲೇಬೇಕು. ಹಾಕದಿದ್ದರೆ ಅದು ಇರುವ ಜಾಗವನ್ನೆಲ್ಲ ತನ್ನದಾಗಿಸಿಕೊಳ್ಳುತ್ತದೆ. ಮ್ಯಾಕ್‌ನ ಡಿಸ್ಕ್ ಗಾತ್ರದ ಎರಡರಷ್ಟು ಕೊಟ್ಟರೆ ಸಾಮಾನ್ಯವಾಗಿ ಸಾಲುತ್ತದೆ.

ಫೈಲ್ ಕಂಪ್ರೆಷನ್‌ನಿಂದ ಫೋಟೊ, ವಿಡಿಯೊಗಳಿಗೆ ಪ್ರಯೋಜನವಿಲ್ಲ, ಅವು ಆಗಲೇ ಕುಗ್ಗಿಸಿದ ಫೈಲ್‌ಗಳು. ಇನ್ನು 4 ಟಿಬಿ ಡಿಸ್ಕ್ ಹಾಕಿದರೆ ಡಿಎಸ್‌ಎಂ ಸುಮಾರು 3.6 ಎಂದು ತೋರಿಸುವುದು ನಷ್ಟವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಡಿಎಸ್‌ಎಂ 1024ರ ಲೆಕ್ಕದಲ್ಲಿ.

ಇದನ್ನೆಲ್ಲ ವಾಲ್ಯೂಮ್ ಪೂರ್ತಿ ತುಂಬುವ ಮೊದಲೇ ಮಾಡಬೇಕು. ಬಿಟಿಆರ್‌ಎಫ್‌ಎಸ್‌ನಲ್ಲಿ ಅಳಿಸುವುದಕ್ಕೂ ಹೊಸದಾಗಿ ಮೆಟಾಡೇಟಾ (ಫೈಲ್‌ಗಳ ಕುರಿತ ಲೆಕ್ಕ) ಬರೆಯಬೇಕಾಗುತ್ತದೆ, ಹಾಗಾಗಿ ಜಾಗ ಸೊನ್ನೆಗೆ ಬಂದರೆ ಡಿಲೀಟ್ ಕೂಡ ವಿಫಲವಾಗಬಹುದು. ಶೇ 15ರಷ್ಟಾದರೂ ಖಾಲಿ ಉಳಿಸಿ, ಸ್ಟೋರೇಜ್ ಮ್ಯಾನೇಜರ್‌ನಲ್ಲಿ ಕಡಿಮೆ ಜಾಗದ ಎಚ್ಚರಿಕೆಯ ಮಿತಿಯನ್ನು ಶೇ 20ಕ್ಕೆ ಇಟ್ಟು, ಆ ಎಚ್ಚರಿಕೆ ಇಮೇಲ್‌ಗೆ ಬರುವಂತೆ ಮಾಡಿಕೊಳ್ಳಿ.