ಪುಸ್ತಿಕೆಯ ಫೋಟೋ ನೋಡಿ ಶಾಲೆ ಆರಿಸಬೇಡಿ

ಅಮೆರಿಕದಲ್ಲಿ ಮಗುವನ್ನು ಖಾಸಗಿ ಪ್ರಾಥಮಿಕ ಶಾಲೆಗೆ ಸೇರಿಸಲು ಹೊರಟಿರುವ ಕನ್ನಡದ ಅಪ್ಪ ಅಮ್ಮಂದಿರು ಮುಂಗಡ ಕಟ್ಟುವ ಮೊದಲು ಇದನ್ನು ಓದಿ. ನಾವು ಅವಸರಪಟ್ಟು ಕೆಟ್ಟೆವು. ನಮಗಿಂತ ಹೆಚ್ಚು ನೊಂದವಳು ಆರು ವರ್ಷದ ಮಗಳು.

ನಾವಿರುವುದು ನ್ಯೂಜೆರ್ಸಿಯಲ್ಲಿ. ಆ ಶಾಲೆಯ ಪುಸ್ತಿಕೆಯ ಮುಖಪುಟದಲ್ಲಿ ಎಲ್ಲ ಬಣ್ಣದ ಮಕ್ಕಳೂ ಒಟ್ಟಿಗೆ ನಗುತ್ತಿದ್ದರು. ಜನಾಂಗ, ಬಣ್ಣ, ಮೂಲ ದೇಶ ನೋಡದೆ ಎಲ್ಲರನ್ನೂ ಸೇರಿಸಿಕೊಳ್ಳುತ್ತೇವೆ ಎಂಬ ಘೋಷಣೆ ಕೊನೆಯ ಪುಟದಲ್ಲಿತ್ತು. ಓದಿ ನೆಮ್ಮದಿಯಾಯಿತು. ಬಣ್ಣದ ಕಾರಣಕ್ಕೆ ಖಾಸಗಿ ಶಾಲೆಗಳೂ ಮಕ್ಕಳನ್ನು ಹೊರಗಿಡುವಂತಿಲ್ಲ ಎಂದು ಇಲ್ಲಿನ ಸುಪ್ರೀಂ ಕೋರ್ಟ್ 1976ರಲ್ಲೇ ತೀರ್ಪು ಕೊಟ್ಟಿದೆ. ತೆರಿಗೆ ವಿನಾಯಿತಿ ಪಡೆಯುವ ಶಾಲೆ ಅಂಥ ಘೋಷಣೆಯನ್ನು ಪ್ರಕಟಿಸಲೇಬೇಕು. ಇದು ಆಮೇಲೆ ತಿಳಿಯಿತು. ಕಾನೂನಿಗಾಗಿ ಅಚ್ಚಾದ ಸಾಲನ್ನು ನಾನು ಶಾಲೆಯ ಮನಸ್ಸೆಂದು ನಂಬಿದ್ದೆ.

ತರಗತಿಯ ಹದಿನೆಂಟು ಮಕ್ಕಳಲ್ಲಿ ಕಂದು ಮೈಬಣ್ಣದವಳು ನನ್ನ ಮಗಳೊಬ್ಬಳೇ. ಟೀಚರು ಮೊದಲ ವಾರವೇ ಅವಳ ನಾಲ್ಕಕ್ಷರದ ಹೆಸರನ್ನು ಒಂದಕ್ಷರಕ್ಕೆ ಇಳಿಸಿದರು. ಚಿತ್ರಾನ್ನದ ಡಬ್ಬಿ ಮುಚ್ಚಳವನ್ನೂ ತೆರೆಯದೆ ವಾಪಸ್ಸು ಬರತೊಡಗಿತು. ‘ಸ್ವಲ್ಪ ಹೊಂದಿಕೊಂಡು ಹೋಗು ಪುಟ್ಟಿ’ ಎಂದೆ ನಾನು. ಆ ಮಾತು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಅಕ್ಟೋಬರಿನಲ್ಲಿ ಪೋಷಕರ ಸಭೆಗೆ ಹೋದಾಗ, ಮಕ್ಕಳು ಬರೆದ ತಮ್ಮ ತಮ್ಮ ಮುಖಗಳು ಗೋಡೆಯ ಮೇಲಿದ್ದವು. ಮಗಳ ಹಾಳೆಯಲ್ಲಿ ಎರಡು ಜಡೆ, ಹಣೆಗೊಂದು ಚುಕ್ಕೆ. ಮುಖ ಮಾತ್ರ ತೆಳು ಗುಲಾಬಿ. ಕೆನ್ನೆಯ ಅಂಚಿನಲ್ಲಿ ಅಡಿಯ ಕಂದು ಗೀರುಗಳು ಇಣುಕುತ್ತಿದ್ದವು. ಅವಳು ಮೊದಲು ಬಳಿದದ್ದು ಕಂದನ್ನೇ. ‘ಮೈಬಣ್ಣದ ಕಡ್ಡಿ ತೆಗೆದುಕೋ’ ಎಂದು ಟೀಚರು ಬೇರೆಯದನ್ನು ಕೈಗಿತ್ತರಂತೆ. ಬಣ್ಣದ ಕಡ್ಡಿ (ಕ್ರೇಯಾನ್) ತಯಾರಿಸುವ ಕ್ರಯೋಲಾ ಕಂಪನಿ ಆ ಬಣ್ಣಕ್ಕೆ ‘ಮೈಬಣ್ಣ’ ಎನ್ನುವುದನ್ನು ಬಿಟ್ಟು ‘ಪೀಚ್’ ಎಂದು ಹೆಸರಿಟ್ಟದ್ದು 1962ರಲ್ಲಿ. 2020ರಲ್ಲಿ ಜಗತ್ತಿನ ನಾನಾ ಮೈಬಣ್ಣಗಳ 24 ಕಡ್ಡಿಗಳ ಪೆಟ್ಟಿಗೆಯನ್ನೂ ತಂದಿತು. ಆ ಕೊಠಡಿಗೆ ಅದಾವುದೂ ತಲುಪಿರಲಿಲ್ಲ.

ಮುಖ್ಯೋಪಾಧ್ಯಾಯರ ಬಳಿ ಹೋದೆವು. ‘ನಾವಿಲ್ಲಿ ಯಾರ ಬಣ್ಣವನ್ನೂ ನೋಡುವುದಿಲ್ಲ’ ಎಂದರು. ನನಗೆ ಬೇಕಾಗಿದ್ದದ್ದು ಅವಳನ್ನು ನೋಡುವವರು. ಮರುವಾರವೇ ಮುಂದಿನ ವರ್ಷದ ಪುಸ್ತಿಕೆಗೆಂದು ಫೋಟೋ ತೆಗೆದರು. ಮಗಳನ್ನು ಮುಂದಿನ ಸಾಲಿನ ನಡುವೆ ನಿಲ್ಲಿಸಿದರು.

ಅಮೆರಿಕದ ರಾಷ್ಟ್ರೀಯ ಶಿಕ್ಷಣ ಅಂಕಿಅಂಶ ಕೇಂದ್ರದ ಜಾಲತಾಣದಲ್ಲಿ ಖಾಸಗಿ ಶಾಲೆಗಳ ಹೆಸರು ಹಾಕಿ ಹುಡುಕಿದರೆ, ಯಾವ ಜನಾಂಗದ ಮಕ್ಕಳು ಎಷ್ಟಿದ್ದಾರೆ ಎಂಬ ಲೆಕ್ಕ ಸಿಗುತ್ತದೆ. ಖರ್ಚಿಲ್ಲ. ಅದನ್ನು ನೋಡಿ. ಪೋಷಕರಿಗೆ ಶಾಲೆ ತೋರಿಸಲೆಂದೇ ಇಟ್ಟ ದಿನ ಬಿಟ್ಟು ಮಾಮೂಲಿ ದಿನ, ಊಟದ ಹೊತ್ತಿಗೆ ಹೋಗಲು ಅನುಮತಿ ಕೇಳಿ. ಯಾವ ಮಗು ಯಾರ ಪಕ್ಕ ಕೂರುತ್ತದೆ, ಒಂಟಿಯಾಗಿ ತಿನ್ನುವ ಮಗು ಯಾವುದು, ಗಮನಿಸಿ. ಪಾಠ ಹೇಳುವವರಲ್ಲಿ ಬಿಳಿಯರಲ್ಲದವರು ಎಷ್ಟು ಮಂದಿ ಎಂದು ನೇರವಾಗಿ ಕೇಳಿ, ಸಂಕೋಚ ಬೇಡ. ನಮ್ಮಂಥ ಬೇರೆ ಪೋಷಕರ ಜೊತೆ, ಶಾಲೆಯವರಿಲ್ಲದ ಕಡೆ, ಮಾತಾಡಿ.

ಕರಾರು ಪತ್ರವನ್ನಂತೂ ಸಾಲು ಸಾಲಾಗಿ ಓದಿ. ಇಂಥ ದಿನಾಂಕ ದಾಟಿದರೆ ಮಗು ಶಾಲೆ ಬಿಟ್ಟರೂ ಇಡೀ ವರ್ಷದ ಶುಲ್ಕ ಕಟ್ಟಬೇಕೆಂಬ ಷರತ್ತು ನಮ್ಮದರಲ್ಲಿತ್ತು. ಓದದೆ ಸಹಿ ಹಾಕಿದ್ದೆವು.

ಜನವರಿಯಿಂದ ಮಗಳು ಇಲ್ಲಿಯ ಸರ್ಕಾರಿ ಶಾಲೆಗೆ ಹೋಗುತ್ತಿದ್ದಾಳೆ. ಹಳೆಯ ಶಾಲೆಗೆ ಮೇ ತಿಂಗಳವರೆಗೂ ಕಂತು ಕಟ್ಟುವುದಿದೆ. ಹೊಸ ಪುಸ್ತಿಕೆಯಲ್ಲಿ ಅವಳ ಫೋಟೋ ಹಾಕಕೂಡದೆಂದು ಪತ್ರ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.